ನೆಟ್ ಬರವಲ್ದು ಅಂದ್ರೆ ಎಲ್ಲಿಂದ ಹುಡುಕಬೇಕು?

ಬಳ್ಳಾರಿಯ ಜೀನ್ಸ್ ಯೂನಿಟ್ಟಿರಲಿ, ರಾಯಚೂರು ಗಂಜಿನ ಅಡತ್ ಅಂಗಡಿಯಿರಲಿ, ಗಂಗಾವತಿಯ ರೈಸ್ ಮಿಲ್ಲಿರಲಿ, ಕಂಪ್ಯೂಟರ್ ಮುಂದೆ ಕೂತ ಗುಮಾಸ್ತರ ದೂರು ಒಂದೇ: “ನೆಟ್ ಬರವಲ್ದ್ರೀ.” ಜಿಎಸ್‌ಟಿ ಸೈಟ್ ತೆರೆಯದಿದ್ದರೂ ಅದೇ ಮಾತು, ಪಕ್ಕದ ಮಷಿನ್‌ನಲ್ಲಿರುವ ಟ್ಯಾಲಿ ಡೇಟಾ ಸಿಗದಿದ್ದರೂ ಅದೇ ಮಾತು, ಪ್ರಿಂಟರ್ ಆಫ್‌ಲೈನ್ ಅಂದರೂ ಅದೇ ಮಾತು. ಕೊನೆಯ ಎರಡಕ್ಕೆ ಇಂಟರ್ನೆಟ್ ಬೇಕಾಗಿಯೇ ಇಲ್ಲ. ಹೊರಗಿನ ಫೈಬರ್ ತುಂಡಾಗಿ ಬಿದ್ದಿದ್ದರೂ ಆಫೀಸಿನೊಳಗಿನ ಟ್ಯಾಲಿ, ಪ್ರಿಂಟರ್ ನಡೆಯಬೇಕು. ಹಾಗಾಗಿ ದೂರು ಬಂದ ಕೂಡಲೇ ಮೊದಲು ಕೇಳಬೇಕಾದ್ದು: ಯಾವುದು ಬರುತ್ತಿಲ್ಲ, ಎಷ್ಟು ಕಂಪ್ಯೂಟರಿಗೆ ಬರುತ್ತಿಲ್ಲ, ನಿನ್ನೆಯಿಂದ ಇವತ್ತಿಗೆ ಏನು ಬದಲಾಯಿತು?

ಇದನ್ನು ಕೇಳುವ ಬದಲು ಹೆಚ್ಚಿನವರು ಮಾಡುವುದು ಬೇರೆ. ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಅಲ್ಲಿಯವರೆಗೆ ಸರಿ. ಅದರಿಂದ ಆಗದಿದ್ದರೆ ಪಿನ್ ತಗೊಂಡು ಹಿಂದಿನ ಸಣ್ಣ ತೂತಿನ ರೀಸೆಟ್ ಬಟನ್ ಒತ್ತುತ್ತಾರೆ. ಅಲ್ಲಿಗೆ ಅರ್ಧ ಗಂಟೆಯ ಕೆಲಸ ಎರಡು ದಿನದ ಕೆಲಸವಾಗುತ್ತದೆ. ರೀಸೆಟ್ ಮಾಡಿದಾಗ ಇಂಟರ್ನೆಟ್ ಕಂಪನಿಯವರು ಹಾಕಿಕೊಟ್ಟ ಪಿಪಿಪಿಒಇ ಎಂಬ ಲೈನ್ ಲಾಗಿನ್ನಿನ ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ, ವೈಫೈ ಹೆಸರು, ಪ್ರಿಂಟರಿಗೆ ಕಾದಿರಿಸಿದ ವಿಳಾಸ ಎಲ್ಲವೂ ಅಳಿಸಿಹೋಗುತ್ತವೆ. ಅವನ್ನು ಯಾರೂ ಬರೆದಿಟ್ಟಿರುವುದಿಲ್ಲ. ಲೈನ್‌ಮನ್ ಬರುವ ತನಕ ಮಿಲ್ಲಿನ ಸಾಹುಕಾರರ ಮೊಬೈಲ್ ಹಾಟ್‌ಸ್ಪಾಟೇ ಗತಿ.

ತುಂಗಭದ್ರಾ ಎಡದಂಡೆಯ ಕೆಳಭಾಗದ ರೈತ ನೀರು ಬರದಿದ್ದರೆ ನೇರ ಡ್ಯಾಮಿಗೆ ಹೋಗುವುದಿಲ್ಲ. ತನ್ನ ಹೊಲದ ತೂಬಿನಿಂದ ಶುರುಮಾಡಿ, ಎಲ್ಲಿಯವರೆಗೆ ನೀರಿದೆ ಎಂದು ನೋಡುತ್ತಾ ಕಾಲುವೆ ಗುಂಟ ಮೇಲಕ್ಕೆ ನಡೆಯುತ್ತಾನೆ. ಇಲ್ಲೂ ಅದೇ ಕ್ರಮ: ವೈರು, ಕಂಪ್ಯೂಟರಿನ ಐಪಿ ವಿಳಾಸ, ಹೊರಗೆ ದಾರಿ ಕೊಡುವ ಗೇಟ್‌ವೇ (ಸಾಮಾನ್ಯವಾಗಿ ರೂಟರೇ), ಹೊರಗಿನ ಲೋಕ, ಆಮೇಲೆ ಸೈಟಿನ ಹೆಸರು. ಒಂದು ಹಂತ ಸರಿ ಎಂದು ಖಾತ್ರಿಯಾಗದೆ ಮುಂದಿನದಕ್ಕೆ ಕೈಹಾಕಬಾರದು.

ಲೈಟು ಮತ್ತು ವೈರು

ಎಲ್ಲ ಕಂಪ್ಯೂಟರಿಗೂ ಇಂಟರ್ನೆಟ್ ಇಲ್ಲದಿದ್ದರೆ ಮೊದಲು ಫೈಬರ್ ಬಂದು ಸೇರುವ ಒಎನ್‌ಟಿ ಡಬ್ಬಿ ನೋಡಿ. ಅದರಲ್ಲಿ ಪಾನ್ ಲೈಟ್ ಅಲುಗಾಡದೆ ಹಸಿರಾಗಿ ಉರಿಯಬೇಕು. ಎಲ್‌ಒಎಸ್ ಲೈಟ್ ಕೆಂಪಗೆ ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಒಳಗಿನ ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ. ಕಂಪನಿಗೆ ದೂರು ಕೊಡುವ ಮುನ್ನ ಹಳದಿ ಅಥವಾ ಕಪ್ಪು ಫೈಬರ್ ವೈರು ಟೇಬಲ್ ಕಾಲಿಗೆ ಸಿಕ್ಕಿ ಚೂಪಾಗಿ ಮಡಚಿದೆಯಾ ಎಂದು ಮಾತ್ರ ನೋಡಿಕೊಳ್ಳಿ. ಅದರ ತುದಿಯನ್ನು ಕಿತ್ತು ಬೆರಳಿಂದ ಒರೆಸಲು ಹೋಗಬೇಡಿ.

ಒಂದೇ ಕಂಪ್ಯೂಟರಿನ ತೊಂದರೆಯಾದರೆ ಅದರ ಹಿಂದಿನ ಲ್ಯಾನ್ ಸಾಕೆಟ್ಟಿನ ಲೈಟ್ ನೋಡಿ. ಉರಿಯದಿದ್ದರೆ ವೈರು, ಎಲ್ಲ ಲ್ಯಾನ್ ವೈರು ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚಿನ ಪೋರ್ಟು ಅಥವಾ ಕಂಪ್ಯೂಟರಿನ ಪೋರ್ಟು ಮೂರರಲ್ಲೊಂದು ಸತ್ತಿದೆ. ಸರಿಯಾಗಿ ನಡೆಯುವ ಪಕ್ಕದ ಕಂಪ್ಯೂಟರಿನ ವೈರನ್ನು ಕಿತ್ತು ಇದಕ್ಕೆ ಹಾಕಿದರೆ ಕಂಪ್ಯೂಟರಿನ ಪೋರ್ಟೇ ಸತ್ತಿದೆಯಾ ಇಲ್ಲವಾ ಎಂದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಲೈಟ್ ಉರಿದರೂ ವೈರು ಸರಿಯಿದೆ ಎಂದುಕೊಳ್ಳಬೇಡಿ. ಈಥರ್ನೆಟ್ ವೈರಿನಲ್ಲಿ ಎಂಟು ಎಳೆ. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ 1, 2, 3 ಮತ್ತು 6ನೇ ಎಳೆ ಸಾಕು. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ಇಲಿ ಕಡಿದು ಉಳಿದ ನಾಲ್ಕರಲ್ಲಿ ಒಂದು ಎಳೆ ಹೋಗಿದ್ದರೆ ನೆಟ್ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ, ಟ್ಯಾಲಿ ಬ್ಯಾಕಪ್ ಮಾತ್ರ ಆಮೆಗತಿಗೆ ಬರುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ಬರುವ ರನ್ ಬಾಕ್ಸಿನಲ್ಲಿ ಎನ್‌ಸಿಪಿಎ ಡಾಟ್ ಸಿಪಿಎಲ್ (ncpa.cpl) ಎಂದು ಕೊಟ್ಟು, ಈಥರ್ನೆಟ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ವೇಗ ಕಾಣುತ್ತದೆ. ವೈರಿನ ತುದಿಗೆ ಹೊಸದಾಗಿ ಪ್ಲಗ್ ಒತ್ತಿ ಕೂಡಿಸುವುದಾದರೆ (ಕ್ರಿಂಪ್) ಎರಡೂ ತುದಿಗೆ ಒಂದೇ ಬಣ್ಣದ ಕ್ರಮವಿರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೀಲಿ ಜೋಡಿ ಹಸಿರು ಜೋಡಿಯ ನಡುವೆ ಬರುವುದನ್ನು ಮರೆತು ಜೋಡಿ ಜೋಡಿಯಾಗಿಯೇ ಸಾಲಿಗೆ ಹಚ್ಚಿದರೆ ಟೆಸ್ಟರ್‌ನಲ್ಲಿ ಎಂಟೂ ಲೈಟ್ ಹತ್ತುತ್ತವೆ, ಆದರೆ ಉದ್ದದ ವೈರಿನಲ್ಲಿ ನೆಟ್ ಕುಂಟುತ್ತದೆ.

ತಾಮ್ರದ ವೈರಿನ ಮಿತಿ 100 ಮೀಟರ್. ಆಫೀಸಿನಿಂದ ಗೇಟಿನ ವೇಬ್ರಿಡ್ಜ್ ಕೋಣೆಗೆ ಎಷ್ಟೋ ಕಡೆ ಅದಕ್ಕಿಂತ ದೂರ. ಕಡಿಮೆ ಬೆಲೆಗೆ ಸಿಗುತ್ತದೆಂದು ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ವೈರು ತಂದಿದ್ದರೆ ಅಷ್ಟು ದೂರವೂ ಬಾಳುವುದಿಲ್ಲ. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರ ಎಳೆಯುವುದೇ ತಪ್ಪು. ಮುಂಗಾರು ಪೂರ್ವದ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಡಿದರೆ ಆ ವೈರಿನ ಎರಡೂ ತುದಿಯ ಪೋರ್ಟ್ ಸುಡುತ್ತವೆ. ಅಲ್ಲಿ ಫೈಬರ್ ಎಳೆದು ಎರಡು ಮೀಡಿಯಾ ಕನ್ವರ್ಟರ್ (ಫೈಬರ್ ಮತ್ತು ಲ್ಯಾನ್ ವೈರನ್ನು ಜೋಡಿಸುವ ಡಬ್ಬಿ) ಕೂಡಿಸುವುದೇ ಸರಿ. ಮಿಲ್ಲಿನ ಥ್ರೀ ಫೇಸ್ ಮೋಟಾರ್ ಕೇಬಲ್ ಇರುವ ಪೈಪಿನಲ್ಲೇ ನೆಟ್‌ವರ್ಕ್ ವೈರನ್ನೂ ತೂರಿಸುವುದು ಇನ್ನೊಂದು ಸಾಮಾನ್ಯ ಎಡವಟ್ಟು.

ನಾಲ್ಕು ಸಾಲು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ

ಸ್ಟಾರ್ಟ್ ಬಟನ್ ಒತ್ತಿ ಸಿಎಂಡಿ ಎಂದು ಟೈಪ್ ಮಾಡಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ಐಪಿಕಾನ್ಫಿಗ್ (ipconfig) ಎಂದು ಕೂಡಿಸಿ ಬರೆದು, ಒಂದು ಸ್ಪೇಸ್ ಬಿಟ್ಟು /ಆಲ್ ಎಂದು ಕೊಟ್ಟು ಎಂಟರ್ ಒತ್ತಿ. ಉದ್ದದ ಪಟ್ಟಿ ಬರುತ್ತದೆ; ಹೆದರಬೇಕಿಲ್ಲ. ಬ್ಲೂಟೂತ್, ವರ್ಚುವಲ್ ಎಂದಿರುವ ಭಾಗಗಳನ್ನು ಬಿಟ್ಟು ಈಥರ್ನೆಟ್ ಅಥವಾ ವೈಫೈ ಎಂದಿರುವ ಭಾಗಕ್ಕೆ ಹೋಗಿ. ನೋಡಬೇಕಾದ್ದು ಐಪಿವಿ4 ಅಡ್ರೆಸ್, ಡಿಫಾಲ್ಟ್ ಗೇಟ್‌ವೇ, ಡಿಎಚ್‌ಸಿಪಿ ಸರ್ವರ್ (ವಿಳಾಸ ಹಂಚುವ ಸಾಧನ), ಡಿಎನ್‌ಎಸ್ ಸರ್ವರ್ ಎಂಬ ನಾಲ್ಕು ಸಾಲು. ಮೊಬೈಲಿನಲ್ಲಿ ಅದರ ಫೋಟೊ ತೆಗೆದಿಡಿ. ಏನೇ ಬದಲಿಸುವ ಮುನ್ನ ಹಳೆಯದು ಏನಿತ್ತು ಎಂಬುದಕ್ಕೆ ಅದೇ ದಾಖಲೆ.

ಬಹುತೇಕ ಸಣ್ಣ ಆಫೀಸುಗಳಲ್ಲಿ ವಿಳಾಸ 192.168.1.25 ಥರ, ಗೇಟ್‌ವೇ 192.168.1.1 ಥರ ಇರುತ್ತದೆ. ಚುಕ್ಕೆಗಳಿಂದ ಬೇರೆಯಾದ ಮೊದಲ ಮೂರು ಸಂಖ್ಯೆಗಳು (ಇಲ್ಲಿ 192.168.1) ಎರಡರಲ್ಲೂ ಒಂದೇ ಇದ್ದರೆ ಸರಿ. ವಿಳಾಸ 169.254ರಿಂದ ಶುರುವಾಗಿದ್ದರೆ, ಕಂಪ್ಯೂಟರ್ ವಿಳಾಸ ಕೇಳಿದೆ, ಕೊಡುವವರು ಯಾರೂ ಸಿಗಲಿಲ್ಲ, ಕೊನೆಗೆ ತಾನೇ ಒಂದು ಹಾಕಿಕೊಂಡಿದೆ ಎಂದರ್ಥ. ಮೀಡಿಯಾ ಡಿಸ್‌ಕನೆಕ್ಟೆಡ್ ಎಂದಿದ್ದರೆ ಮತ್ತೆ ವೈರಿಗೆ ಹೋಗಿ.

ನಮ್ಮ ಕಡೆ ಈ 169.254 ಹೆಚ್ಚಾಗಿ ಕಾಣುವುದು ಕರೆಂಟ್ ಹೋಗಿ ಬಂದ ಮೇಲೆ. ಕಂಪ್ಯೂಟರ್ ಯುಪಿಎಸ್ ಮೇಲಿರುತ್ತದೆ, ರೂಟರ್ ಮತ್ತು ಸ್ವಿಚ್ ಗೋಡೆಯ ಸಾಕೆಟ್ಟಿನಲ್ಲಿರುತ್ತವೆ. ಜೆಸ್ಕಾಂ ಕರೆಂಟ್ ಬಂದ ಕ್ಷಣ ಸ್ವಿಚ್ ಎದ್ದು ಕೂರುತ್ತದೆ, ಕಂಪ್ಯೂಟರ್ ವಿಳಾಸ ಕೇಳುತ್ತದೆ. ರೂಟರ್ ಇನ್ನೂ ಎದ್ದಿರುವುದಿಲ್ಲ. ವಿಂಡೋಸ್ ಐದು ನಿಮಿಷಕ್ಕೊಮ್ಮೆ ಮತ್ತೆ ಕೇಳುತ್ತದೆ, ಆದ್ದರಿಂದ ಕಾದರೂ ಸರಿಯಾಗಬಹುದು. ಅವಸರವಿದ್ದರೆ ಅದೇ ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ /ರಿಲೀಸ್, ಆಮೇಲೆ ಐಪಿಕಾನ್ಫಿಗ್ /ರಿನ್ಯೂ ಕೊಡಿ. ಕಾಯಂ ಪರಿಹಾರ ಬೇಕೆಂದರೆ ಒಎನ್‌ಟಿ, ರೂಟರ್, ಸ್ವಿಚ್ ಮೂರಕ್ಕೂ ಒಂದು ಸಣ್ಣ ಯುಪಿಎಸ್ ಹಾಕಿ. ಹಾಕುವಾಗ ಅಡಾಪ್ಟರ್ ಮೇಲಿನ ವೋಲ್ಟ್ ಓದಿ. ರೂಟರ್‌ಗಳು ಸಾಮಾನ್ಯವಾಗಿ 12 ವೋಲ್ಟ್, ಸಣ್ಣ ಸ್ವಿಚ್‌ಗಳು ಹೆಚ್ಚಾಗಿ 5 ಅಥವಾ 9 ವೋಲ್ಟ್. ಪಿನ್ ಒಂದೇ ಅಳತೆಯಾದ್ದರಿಂದ 12 ವೋಲ್ಟಿನದು 5 ವೋಲ್ಟಿನ ಸ್ವಿಚ್ಚಿಗೆ ಸಲೀಸಾಗಿ ಕೂಡುತ್ತದೆ, ಸ್ವಿಚ್ ಅಲ್ಲಿಗೆ ಮುಗಿಯುತ್ತದೆ. ಅಡಾಪ್ಟರ್‌ಗಳ ಮೇಲೆ ಮಾರ್ಕರ್ ಪೆನ್ನಿಂದ ಯಾವುದರದು ಎಂದು ಬರೆದಿಡಿ.

ಎರಡನೇ ರೂಟರ್ ಎಂಬ ಒಳಶತ್ರು

ಸಣ್ಣ ಆಫೀಸುಗಳಲ್ಲಿ ತಲೆ ಕೆಡಿಸುವ ತೊಂದರೆಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಗೋಡೌನ್ ಕಡೆ ವೈಫೈ ಸಿಗುವುದಿಲ್ಲವೆಂದು ಯಾರೋ ಮನೆಯಲ್ಲಿ ಬಿದ್ದಿದ್ದ ಹಳೆಯ ರೂಟರ್ ತಂದು, ಸ್ವಿಚ್ಚಿನಿಂದ ಒಂದು ವೈರು ಎಳೆದು ಅದರ ಲ್ಯಾನ್ ಪೋರ್ಟಿಗೆ ಚುಚ್ಚುತ್ತಾರೆ. ವೈಫೈ ಬರುತ್ತದೆ, ಎಲ್ಲರೂ ಖುಷಿ. ಮರುದಿನ ಬೆಳಿಗ್ಗೆ ಐದರಲ್ಲಿ ಎರಡು ಕಂಪ್ಯೂಟರಿಗೆ ನೆಟ್ ಇಲ್ಲ. ಮಧ್ಯಾಹ್ನ ಅವಕ್ಕೆ ಬಂದು ಬೇರೆ ಒಂದಕ್ಕೆ ಹೋಗುತ್ತದೆ. ರೀಸ್ಟಾರ್ಟ್ ಮಾಡಿದರೆ ಒಮ್ಮೆ ಸರಿ, ಒಮ್ಮೆ ಇಲ್ಲ.

ಕಾರಣ ಸರಳ. ಆ ಹಳೆಯ ರೂಟರ್ ಕೂಡ ವಿಳಾಸ ಹಂಚುತ್ತದೆ. ಕಂಪ್ಯೂಟರ್ “ನನಗೊಂದು ವಿಳಾಸ ಕೊಡಿ” ಎಂದು ಇಡೀ ನೆಟ್‌ವರ್ಕಿಗೆ ಕೂಗಿ ಕೇಳುತ್ತದೆ. ಮೊದಲು ಓಗೊಟ್ಟವರದನ್ನು ತೆಗೆದುಕೊಳ್ಳುತ್ತದೆ. ಹೊಸಬನ ಉತ್ತರ ಮೊದಲು ಬಂದರೆ ಗೇಟ್‌ವೇ ಕೂಡ ಅವನೇ ಆಗುತ್ತಾನೆ, ಅವನ ಹಿಂದೆ ಇಂಟರ್ನೆಟ್ ಇರುವುದಿಲ್ಲ. ಇದನ್ನು ಹಿಡಿಯಲು ಸರಿಯಿರುವ ಒಂದು ಮಷಿನ್, ಕೆಟ್ಟಿರುವ ಒಂದು ಮಷಿನ್ ಎರಡರಲ್ಲೂ ಡಿಎಚ್‌ಸಿಪಿ ಸರ್ವರ್ ಸಾಲನ್ನು ಹೋಲಿಸಿ. ಒಂದರಲ್ಲಿ 192.168.1.1, ಇನ್ನೊಂದರಲ್ಲಿ 192.168.0.1 ಇದ್ದರೆ ಕಳ್ಳ ಸಿಕ್ಕಂತೆಯೇ. ಎರಡೂ ರೂಟರಿನ ವಿಳಾಸ 192.168.1.1 ಆಗಿಯೇ ಇದ್ದರೆ ಇನ್ನೂ ಗೋಜಲು. ಆಗ ಎಆರ್‌ಪಿ -ಎ ಎಂಬ ಆಜ್ಞೆ ಕೊಟ್ಟು, 192.168.1.1ರ ಎದುರಿನ ಭೌತಿಕ ವಿಳಾಸ ಎರಡು ಮಷಿನ್‌ಗಳಲ್ಲಿ ಬೇರೆ ಬೇರೆ ಇದೆಯಾ ನೋಡಿ.

ಸರಿಮಾಡುವ ಬಗೆ: ಎರಡನೇ ರೂಟರನ್ನು ನೆಟ್‌ವರ್ಕಿನಿಂದ ಕಿತ್ತು ಒಂದು ಲ್ಯಾಪ್‌ಟಾಪಿಗೆ ಮಾತ್ರ ಜೋಡಿಸಿ. ಬ್ರೌಸರಿನಲ್ಲಿ ಅದರ ವಿಳಾಸ ಕೊಟ್ಟು ಸೆಟ್ಟಿಂಗ್ ಪುಟಕ್ಕೆ ಹೋಗಿ ಲ್ಯಾನ್ ವಿಳಾಸವನ್ನು 192.168.1.2 ಮಾಡಿ, ಮುಖ್ಯ ರೂಟರ್ ಹಂಚುವ ಶ್ರೇಣಿಯಿಂದ ಈ ಸಂಖ್ಯೆ ಹೊರಗಿರಬೇಕು. ಡಿಎಚ್‌ಸಿಪಿ ಆಫ್ ಮಾಡಿ ಸೇವ್ ಮಾಡಿ. ಈಗ ಸ್ವಿಚ್ಚಿನ ವೈರನ್ನು ಲ್ಯಾನ್ ಪೋರ್ಟಿಗೆ ಹಾಕಿ. ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆ ಇದ್ದರೆ ಅದೊಂದನ್ನು ಆರಿಸಿದರೆ ಸಾಕು, ಇದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ.

ಲ್ಯಾನ್ ಬದಲು ವ್ಯಾನ್ (ಇಂಟರ್ನೆಟ್ ಲೈನ್ ಕೂಡಿಸುವ) ಪೋರ್ಟಿಗೆ ಹಾಕಿದರೆ ಬೇರೆಯದೇ ಲಕ್ಷಣ. ಆ ವೈಫೈನಲ್ಲಿ ಇಂಟರ್ನೆಟ್ ಚೆನ್ನಾಗಿಯೇ ಬರುತ್ತದೆ, ಆದರೆ ಆಫೀಸಿನ ಹಂಚಿದ ಫೋಲ್ಡರ್, ಪ್ರಿಂಟರ್‌ಗಳು ಹೆಸರಿನಿಂದ ಹುಡುಕಿದರೆ ಕಾಣುವುದಿಲ್ಲ. ಆ ಲ್ಯಾಪ್‌ಟಾಪ್ ಬೇರೊಂದು ನೆಟ್‌ವರ್ಕಿನೊಳಗೆ ಕೂತಿರುತ್ತದೆ.

ಇದರ ತಮ್ಮನಂಥದ್ದು ಲೂಪ್. ಸ್ವಚ್ಛ ಮಾಡುವಾಗ ತೂಗಾಡುತ್ತಿದ್ದ ವೈರಿನ ತುದಿಯನ್ನು ಯಾರೋ ಪಾಪ ಅದೇ ಸ್ವಿಚ್ಚಿನ ಖಾಲಿ ಪೋರ್ಟಿಗೆ ಹಾಕಿಬಿಡುತ್ತಾರೆ. ಸ್ವಿಚ್ಚಿನ ಎಲ್ಲ ಲೈಟುಗಳೂ ಒಟ್ಟಿಗೆ ಹುಚ್ಚೆದ್ದು ಮಿನುಗುತ್ತವೆ, ಇಡೀ ಆಫೀಸ್ ನಿಲ್ಲುತ್ತದೆ. ಒಂದೊಂದೇ ವೈರು ಕಿತ್ತಾಗ ಯಾವುದಕ್ಕೆ ಶಾಂತವಾಯಿತೋ ಅದೇ ತಪ್ಪಿತಸ್ಥ ವೈರು.

ಕೈಯಿಂದ ಹಾಕಿದ ವಿಳಾಸ

ಟ್ಯಾಲಿ ಡೇಟಾ ಇರುವ ಮಷಿನ್, ಪ್ರಿಂಟರ್, ಕ್ಯಾಮೆರಾ ಡಿವಿಆರ್ ಇವುಗಳ ವಿಳಾಸ ಬದಲಾಗಬಾರದು. ಹೆಚ್ಚಿನವರು ಅದನ್ನು ಕೈಯಿಂದ ಹಾಕುತ್ತಾರೆ, ರೂಟರ್ ಹಂಚುವ ಶ್ರೇಣಿಯ ಒಳಗಿನ ಸಂಖ್ಯೆಯನ್ನೇ ಹಾಕುತ್ತಾರೆ. ರೂಟರಿಗೆ ಅದು ತಿಳಿಯದೆ ಅದೇ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಟ್ಟಾಗ ಐಪಿ ಕಾನ್ಫ್ಲಿಕ್ಟ್ ಎಂಬ ಎಚ್ಚರಿಕೆ ಬರುತ್ತದೆ. ರೂಟರ್ 100ರಿಂದ 200ರವರೆಗೆ ಹಂಚುವಂತಿಟ್ಟು, ಸ್ಥಿರ ವಿಳಾಸಗಳನ್ನು 10ರಿಂದ 50ರೊಳಗೆ ಇಡಿ. ಅದಕ್ಕಿಂತ ಒಳ್ಳೆಯದು ರೂಟರಿನಲ್ಲೇ ಅಡ್ರೆಸ್ ರಿಸರ್ವೇಶನ್ ಮಾಡುವುದು. ಎಲ್ಲವೂ ಒಂದೇ ಕಡೆ ಕಾಣುತ್ತದೆ. ಪಟ್ಟಿಯನ್ನು ಕಾಗದದಲ್ಲಿ ಬರೆದು ಸ್ವಿಚ್ ಡಬ್ಬಿಯ ಬಾಗಿಲಿಗೆ ಅಂಟಿಸಿ.

ಸರ್ಕಾರಿ ಕಚೇರಿಗಳ ಮಾತು ಬೇರೆ. ಕೆಸ್ವಾನ್ ಎಂಬ ರಾಜ್ಯ ಸರ್ಕಾರದ ಜಾಲದಲ್ಲಿರುವ ಮಷಿನ್‌ಗೆ ಕೊಟ್ಟ ವಿಳಾಸವನ್ನು ಆಟೊಮ್ಯಾಟಿಕ್ ಮಾಡಿ ನೋಡೋಣ ಎಂದು ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯ ಸಂಖ್ಯೆಗಳೆಲ್ಲ ಮೊದಲು ಬರೆದಿಟ್ಟುಕೊಳ್ಳಿ.

ಪಿಂಗ್ ಹೇಳುವ ಉತ್ತರ

ವಿಳಾಸ ಸರಿಯಿದ್ದರೆ ಪಿಂಗ್ ಎಂದು ಬರೆದು ಗೇಟ್‌ವೇ ಸಂಖ್ಯೆ ಕೊಡಿ. ಪುಸ್ತಕಗಳಲ್ಲಿ 127.0.0.1 ಇಂದ ಶುರುಮಾಡಿ ಅಂತಿರುತ್ತದೆ. ಅದು ಫೇಲ್ ಆಗುವುದು ತೀರಾ ಅಪರೂಪ, ಬಿಟ್ಟರೂ ನಡೆಯುತ್ತದೆ. ಉತ್ತರದ ಮಾತುಗಳನ್ನು ಗಮನಿಸಿ. ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್ ಎಂದು ನಿಮ್ಮದೇ ವಿಳಾಸದಿಂದ ಬಂದರೆ ಆ ಸಂಖ್ಯೆಯವರು ಈ ನೆಟ್‌ವರ್ಕಿನಲ್ಲಿ ಯಾರೂ ಓಗೊಡಲಿಲ್ಲ ಎಂದು. ವೈರು ಅಥವಾ ತಪ್ಪು ವಿಳಾಸ. ರಿಕ್ವೆಸ್ಟ್ ಟೈಮ್ಡ್ ಔಟ್ ಎಂದರೆ ಕಳಿಸಿದ್ದಕ್ಕೆ ಉತ್ತರ ಬರಲಿಲ್ಲ ಎಂದಷ್ಟೇ. ಪಕ್ಕದ ಕಂಪ್ಯೂಟರಿಗೆ ಪಿಂಗ್ ಮಾಡಿ ಹೀಗೆ ಬಂದರೆ ಅದರ ಫೈರ್‌ವಾಲ್ ತಡೆಯುತ್ತಿರಬಹುದು, ಮಷಿನ್ ಸತ್ತಿದೆ ಎಂದು ತೀರ್ಮಾನಿಸಬೇಡಿ.

ಗೇಟ್‌ವೇ ಉತ್ತರಿಸಿದರೆ ಹೊರಗಿರುವ ಗೂಗಲ್ ಸರ್ವರ್ 8.8.8.8ಕ್ಕೆ ಪಿಂಗ್ ಮಾಡಿ. ಅದಕ್ಕೂ ಉತ್ತರ ಬಂದು ಸೈಟುಗಳು ಮಾತ್ರ ತೆರೆಯದಿದ್ದರೆ ಹೆಸರನ್ನು ಸಂಖ್ಯೆಯಾಗಿ ಬದಲಿಸುವ ಡಿಎನ್‌ಎಸ್ ತೊಂದರೆ. ರೂಟರಿನಲ್ಲಿ ಡಿಎನ್‌ಎಸ್ ಸಂಖ್ಯೆಯನ್ನು 8.8.8.8 ಮತ್ತು 1.1.1.1 ಮಾಡಿ, ಕಂಪ್ಯೂಟರಿನಲ್ಲಿ ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್ ಕೊಡಿ. ಡೊಮೇನ್ ಲಾಗಿನ್ ಇರುವ ದೊಡ್ಡ ಕಾರ್ಖಾನೆಗಳ ಮಷಿನ್‌ಗಳಲ್ಲಿ ಹೀಗೆ ಮಾಡಬಾರದು. ಅವಕ್ಕೆ ಒಳಗಿನ ಸರ್ವರ್ರೇ ಡಿಎನ್‌ಎಸ್ ಆಗಿರಬೇಕು, ಇಲ್ಲದಿದ್ದರೆ ಲಾಗಿನ್ನೇ ಕೈಕೊಡುತ್ತದೆ.

ಗೂಗಲ್ ತೆರೆಯುತ್ತದೆ, ಕೆಲವು ಸೈಟು ಮಾತ್ರ ಅರ್ಧಕ್ಕೆ ನಿಂತು ಸುತ್ತುತ್ತಲೇ ಇರುತ್ತವೆ ಎಂದರೆ ಎಂಟಿಯು ಅನುಮಾನಿಸಿ. ಪಿಪಿಪಿಒಇ ಲೈನಿನಲ್ಲಿ ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ ಸಾಮಾನ್ಯವಾಗಿ 1492 ಬೈಟ್. ಪಿಂಗ್ 8.8.8.8 -ಎಫ್ -ಎಲ್ 1464 ಕೊಟ್ಟು ನೋಡಿ. 1464ಕ್ಕೆ ತಲೆಬರಹದ 28 ಸೇರಿ 1492. ಫ್ರ್ಯಾಗ್ಮೆಂಟ್ ಮಾಡಬೇಕು ಎಂಬ ದೂರು ಬಂದರೆ ಸಂಖ್ಯೆ ಇಳಿಸುತ್ತಾ ಹೋಗಿ, ಉತ್ತರ ಬಂದ ಸಂಖ್ಯೆಗೆ 28 ಸೇರಿಸಿ ರೂಟರಿನ ವ್ಯಾನ್ ಪುಟದಲ್ಲಿ ಹಾಕಿ.

ಬ್ಯಾಂಕ್, ಜಿಎಸ್‌ಟಿ ಸೈಟುಗಳು ಸರ್ಟಿಫಿಕೇಟ್ ತಪ್ಪು ಎಂದರೆ ನೆಟ್‌ವರ್ಕ್ ಮುಟ್ಟುವ ಮುನ್ನ ಮೂಲೆಯ ತಾರೀಖು ನೋಡಿ. ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಹೋಗುವ ಆಫೀಸುಗಳಲ್ಲಿ ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ ಬೇಗ ಖಾಲಿಯಾಗುತ್ತದೆ, ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಸೆಲ್ ಬದಲಿಸಿ ಸಮಯ ಸರಿಮಾಡಿದರೆ ಮುಗಿಯಿತು.

ಟ್ಯಾಲಿ ಫೋಲ್ಡರ್, ಪ್ರಿಂಟರ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅದರ ಆಸುಪಾಸು ಹೊಸ ಮಷಿನ್ ತಂದ ಕಡೆಯೆಲ್ಲ ಒಂದೇ ಗೋಳು: ಹಳೆಯ ಮಷಿನ್‌ನ ಫೋಲ್ಡರ್ ಹೊಸದರಲ್ಲಿ ತೆರೆಯದು. ವಿಂಡೋಸ್ 11 ಪ್ರೊದಲ್ಲಿ 24ಎಚ್2 ಆವೃತ್ತಿಯಿಂದ ಫೋಲ್ಡರ್ ಹಂಚುವ ಎಸ್‌ಎಂಬಿ ವ್ಯವಸ್ಥೆಗೆ ಡಿಜಿಟಲ್ ಸಹಿ ಕಡ್ಡಾಯ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶವೂ ಬಂದ್. ಯುಟ್ಯೂಬ್ ನೋಡಿ ಈ ಭದ್ರತೆಯನ್ನೇ ತೆಗೆದುಹಾಕುವುದು, ಹಳೆಯ ಎಸ್‌ಎಂಬಿ1 ಮತ್ತೆ ಹಾಕುವುದು ಬೇಡ. ಲೆಕ್ಕಪತ್ರವನ್ನು ರ‍್ಯಾನ್ಸಮ್‌ವೇರ್ ಕೈಗೆ ಕೊಟ್ಟಂತೆ. ಡೇಟಾ ಇರುವ ಮಷಿನ್‌ನಲ್ಲಿ ಪಾಸ್‌ವರ್ಡ್ ಇರುವ ಒಂದು ಯೂಸರ್ ಮಾಡಿ, ಫೋಲ್ಡರನ್ನು ಅವನಿಗೆ ಶೇರ್ ಮಾಡಿ, ಹೊಸ ಮಷಿನ್‌ನಲ್ಲಿ ಅದೇ ಹೆಸರು, ಪಾಸ್‌ವರ್ಡ್ ಕೊಡಿ. ಹಳೆಯ ಪಾಸ್‌ವರ್ಡ್ ಉಳಿದಿದ್ದರೆ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಅಳಿಸಿ.

ರೂಟರ್ ಬದಲಿಸಿದ ಮೇಲೆ ಶೇರಿಂಗ್ ನಿಂತರೆ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದುಕೊಂಡು ಪಬ್ಲಿಕ್ ಮಾಡಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಮಾಡಿ. ಫೋಲ್ಡರ್ \\192.168.1.10 ಎಂದು ಸಂಖ್ಯೆ ಕೊಟ್ಟಾಗ ತೆರೆದು, ಮಷಿನ್ ಹೆಸರು ಕೊಟ್ಟಾಗ ತೆರೆಯದಿದ್ದರೆ ಸಂಖ್ಯೆಯ ಮೇಲೇ ಡ್ರೈವ್ ಮ್ಯಾಪ್ ಮಾಡಿ, ಅದೇ ಸುಲಭ.

ಪ್ರಿಂಟರ್ ಆಫ್‌ಲೈನ್ ಎನ್ನುವುದಕ್ಕೆ ಹೆಚ್ಚಿನ ಸಲ ಕಾರಣ ಅದರ ವಿಳಾಸ ಬದಲಾಗಿರುವುದು. ಪ್ರಿಂಟರಿನಿಂದಲೇ ನೆಟ್‌ವರ್ಕ್ ವಿವರದ ಪುಟ ತೆಗೆಯಿರಿ, ಸಂಖ್ಯೆ ನೋಡಿ, ರೂಟರಿನಲ್ಲಿ ಕಾದಿರಿಸಿ. ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಪುಟದಲ್ಲಿ ಡಬ್ಲ್ಯೂಎಸ್‌ಡಿ ಎಂದಿದ್ದರೆ ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಸೇರಿಸಿ ಆ ಸಂಖ್ಯೆ ಕೊಡಿ. ಪ್ರಿಂಟ್ ಬರುತ್ತಿದ್ದರೂ ಆಫ್‌ಲೈನ್ ಎಂದೇ ತೋರಿಸಿದರೆ ಅಲ್ಲೇ ಕಾನ್ಫಿಗರ್ ಪೋರ್ಟ್ ಒಳಗೆ ಎಸ್‌ಎನ್‌ಎಂಪಿ ಸ್ಟೇಟಸ್ ಟಿಕ್ ತೆಗೆಯಿರಿ.

ನೆಟ್‌ವರ್ಕ್ ರೀಸೆಟ್, ನೆಟ್‌ಶೆಲ್‌ನ ರೀಸೆಟ್ ಆಜ್ಞೆಗಳು ಇವೆಲ್ಲ ಆದ ಮೇಲಿನ ಮಾತು. ಅವು ಕೈಯಿಂದ ಹಾಕಿದ ವಿಳಾಸ, ವಿಪಿಎನ್ ಎಲ್ಲವನ್ನೂ ಒರೆಸುತ್ತವೆ, ಆಮೇಲೆ ರೀಸ್ಟಾರ್ಟ್ ಬೇಕು. ಅದಕ್ಕೂ ಮುಂಚೆ ಪ್ರಾಕ್ಸಿ ಸೆಟ್ಟಿಂಗ್ ಆನ್ ಉಳಿದಿದೆಯಾ, ತೆಗೆದುಹಾಕಿದ ಆಂಟಿವೈರಸ್ಸಿನ ತುಣುಕು ನೆಟ್‌ವರ್ಕ್ ಅಡಾಪ್ಟರಿನ ಪಟ್ಟಿಯಲ್ಲಿ ಕೂತಿದೆಯಾ ನೋಡಿ.

ಕಂಪನಿಗೆ ಫೋನ್ ಮಾಡುವುದೇ ಆದರೆ ಸ್ವಿಚ್, ಎರಡನೇ ರೂಟರ್ ಎಲ್ಲ ಬಿಚ್ಚಿ, ಒಂದು ಲ್ಯಾಪ್‌ಟಾಪನ್ನು ನೇರ ಒಎನ್‌ಟಿಗೆ (ಪಿಪಿಪಿಒಇ ಬೇರೆ ರೂಟರಿನಲ್ಲಿದ್ದರೆ ಆ ರೂಟರಿಗೆ) ವೈರಿನಲ್ಲಿ ಜೋಡಿಸಿ ನೋಡಿ. “ಎಲ್‌ಒಎಸ್ ಕೆಂಪಿಲ್ಲ, ನೇರ ವೈರಿನಲ್ಲಿ ಗೇಟ್‌ವೇ ಉತ್ತರಿಸುತ್ತದೆ, 8.8.8.8 ಉತ್ತರಿಸುವುದಿಲ್ಲ, ಬೆಳಿಗ್ಗೆ ಇಷ್ಟು ಗಂಟೆಯಿಂದ ಹೀಗಿದೆ” ಎಂದು ಹೇಳಿದರೆ ಆ ಕಡೆಯವರು ನಿಮ್ಮ ರೂಟರ್ ಆಫ್ ಮಾಡಿ ಆನ್ ಮಾಡಿ ಎಂದು ಮೊದಲಿನಿಂದ ಶುರುಮಾಡುವುದಿಲ್ಲ. ಡಾಕೆಟ್ (ದೂರಿನ) ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.